ದೊಡ್ಡ ಪೆಗ್ಗಿನ ಅಳತೆ

ಅಡುಗೆಮನೆಯ ಕಟ್ಟೆಯ ಮೇಲೆ, ದೋಸೆಹಿಟ್ಟಿನ ಪಾತ್ರೆಗೂ ಮಿಕ್ಸಿಗೂ ನಡುವೆ, ಜಿನ್ನಿನ ಬಾಟಲಿ ನಿಂತದ್ದನ್ನು ಕಂಡಾಗ ಕಮಲಾಕ್ಷನಿಗೆ ಮೊದಲು ಆದದ್ದು ನಾಚಿಕೆ. ಯಾರಿಗಾದರೂ ಹೇಳಿದರೆ ನಕ್ಕಾರು. ಠಾಣೆ ಪಟ್ಟಣದ ಹೆದ್ದಾರಿ ಬದಿಯ ಚಂದ್ರಿಕಾ ಬಾರಿನಲ್ಲಿ ಇಪ್ಪತ್ತಾರು ವರ್ಷ ಕೌಂಟರಿನ ಹಿಂದೆ ನಿಂತು ದಿನಕ್ಕೆ ನೂರಿನ್ನೂರು ಪೆಗ್ಗು ಸುರಿದವನಿಗೆ ಒಂದು ಬಾಟಲಿ ಕಂಡು ನಾಚಿಕೆಯಂತೆ. ಆದರೆ ಡೊಂಬಿವ್ಲಿಯ ಈ ಎರಡು ಕೋಣೆಯ ಮನೆಯ ಹೊಸ್ತಿಲನ್ನು ಇದುವರೆಗೆ ಒಂದು ಕ್ವಾರ್ಟರ್ ಕೂಡ ದಾಟಿದ್ದಿಲ್ಲ. ಕೆಲಸ ಮುಗಿಸಿ ಬಂದವನು ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿ, ತಲೆಗೆ ನೀರು ಹೊಯ್ದುಕೊಂಡ ಮೇಲೆಯೇ ಮಲಗಿದ ಮಗಳ ಹತ್ತಿರ ಹೋಗುತ್ತಿದ್ದ. ತಾನೂ ಒಂದು ತೊಟ್ಟು ನಾಲಗೆಗೆ ಹಚ್ಚಿದವನಲ್ಲ. ಈಗ ಆ ಮಗಳೇ ಸ್ಟೇಷನ್ ಹತ್ತಿರದ ವೈನ್ ಶಾಪಿನಲ್ಲಿ ಗಂಡಸರ ಸಾಲಿನಲ್ಲಿ ನಿಂತು ತಂದಿದ್ದಾಳೆ. ತಂದದ್ದನ್ನು ಮುಚ್ಚಿಡುವ ಬುದ್ಧಿಯೂ ಇಲ್ಲ, ಎಣ್ಣೆಯ ಬಾಟಲಿ ಇಟ್ಟ ಹಾಗೆ ಇಟ್ಟಿದ್ದಾಳೆ.

ಮಧ್ಯಾಹ್ನ ಊಟಕ್ಕೆ ತರುಣ್ ಬರುವವನಿದ್ದ. ಬೆಂಗಳೂರಿನ ಹುಡುಗ, ಐರೋಲಿಯಲ್ಲಿ ಅನುಷ್ಕಾಳ ಆಫೀಸಿನಲ್ಲೇ ಕೆಲಸ, ಮದುವೆಯಾಗುವುದೆಂದು ಇಬ್ಬರೂ ನಿಶ್ಚಯಿಸಿಕೊಂಡು ಆಮೇಲೆ ಮನೆಗಳಿಗೆ ತಿಳಿಸಿದ್ದರು. ಅವನು ಮೊದಲ ಸಲ ಮನೆಗೆ ಬರುವ ಭಾನುವಾರ. ನಿಮ್ಮ ಪಪ್ಪ ಬಾರಿನಲ್ಲಿದ್ದರಲ್ಲ, ಹಾಗಾದರೆ ನನಗೊಂದು ಡ್ರಿಂಕ್ ಅವರ ಕೈಯಿಂದಲೇ ಆಗಬೇಕು ಎಂದು ಫೋನಿನಲ್ಲಿ ಕೇಳಿದ್ದನಂತೆ. ಇದನ್ನು ಹೇಳುವಾಗ ಅನುಷ್ಕಾ ಇನ್ನೊಂದು ಮಾತನ್ನೂ ಹೇಳಿದ್ದಳು. "ನಾನು ಅವನಿಗೆ ಹೇಳಿದ್ದೇನೆ ಪಪ್ಪಾ, ಮೈ ಫಾದರ್ ಯಾರಿಗೂ ಒಂದು ತೊಟ್ಟು ಕಮ್ಮಿ ಹಾಕಿದವರಲ್ಲ ಅಂತ." ಐದನೇ ಕ್ಲಾಸಿನಲ್ಲಿ ನನ್ನ ಅಪ್ಪ ಎಂಬ ಪ್ರಬಂಧದಲ್ಲೂ ಅವಳು ಇದನ್ನೇ ಬರೆದಿದ್ದಳು. ಟೀಚರು ಜಲಜಾಕ್ಷಿಯನ್ನು ಶಾಲೆಗೆ ಕರೆಸಿ, ಮಕ್ಕಳ ಹತ್ತಿರ ಇಂಥದ್ದನ್ನೆಲ್ಲ ಮಾತಾಡಬೇಡಿ, ಹೋಟೆಲು ಅಂತ ಬರೆಯಲಿ ಎಂದು ಕಳಿಸಿದ್ದರು. ಜಲಜಾಕ್ಷಿ ಅವಮಾನದಿಂದ ಎರಡು ದಿನ ಮಾತಾಡಿರಲಿಲ್ಲ. ಕಮಲಾಕ್ಷ ಮಾತ್ರ ಆ ನೋಟ್‌ಬುಕ್ಕಿನ ಹಾಳೆಯನ್ನು ಮೆಲ್ಲಗೆ ಹರಿದು, ರೈಲ್ವೆ ಪಾಸಿನ ಹಿಂದೆ ಮಡಚಿಟ್ಟುಕೊಂಡು, ಹಾಳೆ ನಾಲ್ಕು ತುಂಡಾಗುವವರೆಗೆ ಡೊಂಬಿವ್ಲಿಗೂ ಠಾಣೆಗೂ ಓಡಾಡಿದ್ದ.

ಬಾರು ಮುಚ್ಚಿ ನಾಲ್ಕು ತಿಂಗಳಾಗಿತ್ತು. ಎರಡು ಸಾವಿರದ ಹದಿನೇಳರ ಏಪ್ರಿಲ್‌ನಲ್ಲಿ, ಹೆದ್ದಾರಿಯಿಂದ ಐನೂರು ಮೀಟರಿನೊಳಗೆ ಮದ್ಯ ಮಾರಬಾರದೆಂದು ಕೋರ್ಟಿನ ಆಜ್ಞೆ ಬಂದಾಗ, ಜಲಜಾಕ್ಷಿಯ ಅಣ್ಣ, ಚಂದ್ರಿಕಾದ ಧಣಿ ಪುಂಡರೀಕಾಕ್ಷ, ಟೇಪು ಹಿಡಿದು ಅಳೆಸಿ ನೋಡಿ ಷಟರು ಎಳೆದಿದ್ದ. ಕೊನೆಯ ದಿನ ಎಲ್ಲರಿಗೂ ಒಂದೊಂದು ಶಾಲು ಹೊದೆಸಿದ್ದ. ಕಮಲಾಕ್ಷನಿಗೆ ಶಾಲಿನ ಜೊತೆಗೆ, ಕೆಂಪು ಕಾಗದದಲ್ಲಿ ಸುತ್ತಿ, ಅವನ ಪೆಗ್ ಮೆಜರನ್ನೇ ಕೊಟ್ಟಿದ್ದ. ಒಂದು ಬದಿ ಅರವತ್ತರ ದೊಡ್ಡ ಪೆಗ್ಗು, ತಿರುಗಿಸಿದರೆ ಮೂವತ್ತರ ಸಣ್ಣದು, ಸೊಂಟ ಸಣ್ಣಗಿರುವ ಸ್ಟೀಲಿನ ಅಳತೆ. ಹಿಡಿದು ಹಿಡಿದು ಹೆಬ್ಬೆರಳಿನ ಜಾಗ ಮಾಸಿತ್ತು. ಇದು ನಿಮ್ಮ ಕೈಯೇ ಅಲ್ಲವಾ ಭಾವ ಎಂದು ಪುಂಡರೀಕಾಕ್ಷ ಹೇಳಿದಾಗ ಕಮಲಾಕ್ಷ ಅದನ್ನು ಕಾಗದದ ಸಮೇತ ಎದೆಗೊತ್ತಿಕೊಂಡಿದ್ದ. ಹುಣಸೆಹುಳಿ ಹಾಕಿ ತಿಕ್ಕಿ ಶೋಕೇಸಿನಲ್ಲಿ ಇಟ್ಟಿದ್ದನ್ನು ಇವತ್ತು ತಾನೇ ತೆಗೆದು, ತೊಳೆದು, ಬಟ್ಟೆಯಲ್ಲಿ ಒರೆಸಿ, ಮಗಳ ಮುಂದೆ ಇಟ್ಟ. ನಾಲ್ಕು ತಿಂಗಳಿಂದ ಹಾಲಿನ ಪ್ಯಾಕೆಟ್ಟು ತರುವುದು ಬಿಟ್ಟರೆ ಯಾರಿಗೂ ಬೇಡವಾಗಿದ್ದವನಿಗೆ ಆ ಹೊತ್ತಿನಲ್ಲಿ, ನಾಚಿಕೆಯ ಅಡಿಯಲ್ಲಿ, ಹಬ್ಬದ ಬೆಳಗಿನ ಸಂತೋಷವಿತ್ತು.

"ಹೆಸರೆಂತ ಇದರದ್ದು?" ಎಂದು ಕೇಳಿದ. "ಬೀಸ್ ನೀಸ್" ಎಂದಳು ಅನುಷ್ಕಾ, ಫೋನಿನಿಂದ ಕಣ್ಣು ತೆಗೆಯದೆ. "ಜೇನುನೊಣದ ಮೊಣಕಾಲು. ನೂರು ವರ್ಷ ಹಳೇದಂತೆ." ಒಲೆಯ ಮೇಲೆ ಪತ್ರೊಡೆ ಬೇಯಲಿಟ್ಟು, ಸೌತೆಕಾಯಿ ಹೆಚ್ಚುತ್ತಿದ್ದ ಜಲಜಾಕ್ಷಿ, "ಕುಡಿಯುವುದಕ್ಕೆ ಕಾಲಿನ ಹೆಸರು ಯಾರಾದ್ರೂ ಇಡ್ತಾರಾ" ಎಂದು ತನಗೆ ತಾನೇ ಹೇಳಿಕೊಂಡಳು. ಕಾರ್ಕಳದಿಂದ ಅವಳು ತಂದಿದ್ದ ತುಡುವೆ ಜೇನು ಕಪ್ಪಾಗಿ ದಪ್ಪಗಿತ್ತು. ತಣ್ಣಗಿನ ಜಿನ್ನಿನಲ್ಲಿ ಅದು ಕರಗುವುದಿಲ್ಲ, ತಳದಲ್ಲಿ ಕೂತುಬಿಡುತ್ತದೆ, ಆದ್ದರಿಂದ ಮೊದಲು ಬಿಸಿನೀರಿನಲ್ಲಿ ಸಮಸಮ ಕಲಸಿ ಆರಿಸಬೇಕು ಎಂದು ಫೋನು ಹೇಳಿತು. ಅನುಷ್ಕಾ ಸ್ಟೀಲಿನ ಲೋಟದಲ್ಲಿ ಕಲಸಿದಳು. ಲಿಂಬೆ ಹಿಂಡಿ ಚಹಾ ಸೋಸುವ ಜರಡಿಯಲ್ಲಿ ಸೋಸಿದಳು. ಜೇನುನೀರು ಇಪ್ಪತ್ತು, ಲಿಂಬೆರಸ ಇಪ್ಪತ್ತು. ಅದಕ್ಕೆ ಕೆಮ್ಮಿನ ಔಷಧದ ಮುಚ್ಚಳ, ಹತ್ತರ ಗೀಟಿನವರೆಗೆ ಎರಡೆರಡು ಸಲ. ಜಿನ್ನು ಅರವತ್ತು ಎಂದು ಅವಳು ಹೇಳುವುದಕ್ಕೂ ಕಮಲಾಕ್ಷನ ಕೈ ಬಾಟಲಿಯ ಕುತ್ತಿಗೆಯ ಮೇಲೆ ಹೋಗುವುದಕ್ಕೂ ಸರಿಹೋಯಿತು. ಮೆಜರನ್ನು ಎರಡು ಬೆರಳಿನ ನಡುವೆ ಹಿಡಿದು, ಅಂಚಿನವರೆಗೆ, ಮೇಲೆ ಉಬ್ಬಿ ನಿಲ್ಲುವಷ್ಟು ತುಂಬಿ, ಒಂದು ಹನಿ ಹೊರಚೆಲ್ಲದೆ, ಅವಳು ಜೇನು, ಲಿಂಬೆ ಹಾಕಿಟ್ಟಿದ್ದ ಸ್ಟೀಲಿನ ಡಬ್ಬಿಗೆ ಬಗ್ಗಿಸಿದ. ಮಂಜುಗಡ್ಡೆ ಹಾಕಿ ಮುಚ್ಚಳ ಬಿಗಿದು ಅವಳು ಡಬ್ಬಿ ಅಲ್ಲಾಡಿಸುವಾಗ ಇಡೀ ಅಡುಗೆಮನೆಯಲ್ಲಿ ಗಲಗಲ ಸದ್ದಾಯಿತು, ಪಕ್ಕದ ಮನೆಯವರು ಏನೆಂದುಕೊಂಡಾರು ಎಂದು ಅವನು ಹೋಗಿ ಕಿಟಕಿ ಎಳೆದುಬಂದ.

ಅವಳು ಒಂದು ಗುಟುಕು ಕುಡಿದು ಮುಖ ಹಿಂಡಿದಳು. ಮಗಳು ತನ್ನ ಕಣ್ಣೆದುರು ಕುಡಿಯುವುದನ್ನು ನೋಡಬಾರದೆಂದು ಬೇರೆ ಕಡೆ ತಿರುಗಿದ್ದವನು ಅವಳು ಲೋಟ ಕೆಳಗಿಟ್ಟ ಸದ್ದಿಗೆ ಇತ್ತ ನೋಡಿದ. "ಕುಛ್ ತೋ ಗಡಬಡ್ ಹೈ, ಪಪ್ಪಾ. ಶರಬತ್ತಿನ ಹಾಗಾಗಿದೆ. ಜಿನ್ ಎಲ್ಲಿ ಹೋಯ್ತು ಗೊತ್ತೇ ಆಗುದಿಲ್ಲ." ಜೇನು ಊರಿನದ್ದಲ್ಲವಾ, ಅದರ ಗುಣ ಜೋರು ಎಂದ ಅವನು. ಇನ್ನೊಮ್ಮೆ ಮಾಡಿದರು. ಅದೂ ಹಾಗೆಯೇ. ಅನುಷ್ಕಾ ಮತ್ತೆ ಓದಿದಳು, ಬೆರಳು ಮಡಚಿ ಲೆಕ್ಕ ಹಾಕಿದಳು, ಆಮೇಲೆ ಏನೋ ಹೊಳೆದವಳಂತೆ ಮೆಜರಿಗೆ ನಲ್ಲಿಯ ನೀರು ತುಂಬಿ, ಆ ನೀರನ್ನು ಔಷಧದ ಮುಚ್ಚಳಕ್ಕೆ ಹತ್ತರ ಗೀಟಿನವರೆಗೆ ಬಗ್ಗಿಸಿ ಸಿಂಕಿಗೆ ಚೆಲ್ಲಿದಳು. ಒಂದು. ಎರಡು. ಅವಳೇನು ಮಾಡುತ್ತಿದ್ದಾಳೆಂದು ಕಮಲಾಕ್ಷನಿಗೆ ತಿಳಿಯಲಿಲ್ಲ, ಸಣ್ಣವಳಿದ್ದಾಗ ಹೀಗೇ ಬಚ್ಚಲಲ್ಲಿ ನೀರಾಡುತ್ತಿದ್ದಳೆಂದು ಏನೋ ನೆನಪಾಗಿ ಮುಗುಳ್ನಕ್ಕ. ಮೂರು. ನಾಲ್ಕು. ಐದನೆಯದಕ್ಕೆ ನೀರು ಮುಗಿಯಿತು. ಅವಳು ಮೆಜರನ್ನು ಬೋರಲು ಮಾಡಿ ಅಲ್ಲಾಡಿಸಿದಳು. ಆರನೆಯ ಮುಚ್ಚಳಕ್ಕೆ ಒಂದು ಹನಿ ಬಿತ್ತು.

"ಐವತ್ತೇ ಉಂಟು ಇದರಲ್ಲಿ" ಎಂದಳು.

ಔಷಧದ ಮುಚ್ಚಳ ಎಂದರೆ ಪ್ಲಾಸ್ಟಿಕ್ಕು, ಅದರ ಗೀಟಿಗೆ ಯಾವ ಭರವಸೆ ಎಂದ. ಅವಳು ಮೇಲಿನ ಕಪಾಟಿನಿಂದ ಓಟ್ಸ್ ತೂಗಲು ತರಿಸಿಕೊಂಡಿದ್ದ ಚಪ್ಪಟೆ ತಕ್ಕಡಿ ಇಳಿಸಿ, ಮೆಜರನ್ನು ಅದರ ಮೇಲಿಟ್ಟು ಸೊನ್ನೆ ಮಾಡಿ, ನೀರು ತುಂಬಿದಳು. ಅರವತ್ತು ಎಂಎಲ್ ನೀರಾದರೆ ಅರವತ್ತು ಗ್ರಾಂ ಇರಬೇಕು, ಪಪ್ಪಾ. ತಕ್ಕಡಿಯ ಕಿಟಕಿಯಲ್ಲಿ ಅಂಕೆ ಸ್ವಲ್ಪ ಅತ್ತಿತ್ತ ಆಡಿ ಐವತ್ತರಲ್ಲಿ ನಿಂತಿತು. ತಿರುಗಿಸಿ ಸಣ್ಣ ಬದಿ ತುಂಬಿದಳು. ಇಪ್ಪತ್ತೈದು. ಕಮಲಾಕ್ಷ ಬಗ್ಗಿ ನೋಡಿದ. ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದ. ಕಿವಿಯೊಳಗೆ ರೈಲು ಬಂದ ಹಾಗೆ ಒಂದು ಸದ್ದು ಶುರುವಾಗಿ, ಜಲಜಾಕ್ಷಿಯ ಚೂರಿ ಹಲಗೆಗೆ ತಾಗುವುದು ಕೇಳಿಸದಾಯಿತು. ಇವತ್ತು ಬೆಳಿಗ್ಗೆ ತಾನೇ ತಂದಿಟ್ಟಿದ್ದ ಅರ್ಧ ಕಿಲೋ ಸಕ್ಕರೆಯ ಪ್ಯಾಕೆಟ್ಟನ್ನು, ಕಟ್ಟು ಬಿಚ್ಚದೆ, ತಕ್ಕಡಿಯ ಮೇಲಿಟ್ಟ. ಐನೂರ ಮೂರು. ತೆಗೆದ, ಮತ್ತೆ ಇಟ್ಟ. ಐನೂರ ಮೂರು. ಮೂರು ಗ್ರಾಂ ಪ್ಲಾಸ್ಟಿಕ್ಕಿನದು ಇರಬೇಕು ಎಂದಳು ಅನುಷ್ಕಾ. ಅವಳ ದನಿಯಲ್ಲಿ ಆಗಲೇ ಒಂದು ಮೆದುತನ ಬಂದಿತ್ತು, ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ. ಕಮಲಾಕ್ಷ ಮೆಜರಿನೊಳಗೆ ತೋರುಬೆರಳಿಟ್ಟು, ಹೊರಗಿನಿಂದ ಹೆಬ್ಬೆರಳು ಹಿಡಿದು ತಳ ಮುಟ್ಟಿ ನೋಡಿದ. ಎರಡು ಬೆರಳುಗಳ ನಡುವೆ ಇರಬಾರದಷ್ಟು ಸ್ಟೀಲಿತ್ತು. ಇಪ್ಪತ್ತಾರು ವರ್ಷ ಹಿಡಿದದ್ದು, ಒಳಗೆ ಬೆರಳಿಟ್ಟದ್ದು ಇದೇ ಮೊದಲು.

ಪೇಂಡ್ಸೆ ಕೂಡ ಹೀಗೇ ಬೆರಳಿಟ್ಟು ತೋರಿಸುತ್ತೇನೆಂದು ಹೇಳಿದ್ದನಲ್ಲವೇ. ಕಾಲೇಜೊಂದರ ಲ್ಯಾಬಿನಲ್ಲಿ ಸಹಾಯಕನಾಗಿದ್ದವನು, ಪ್ರತಿ ಶನಿವಾರ ಬಂದು ಮೂಲೆಯ ಮೇಜಿನಲ್ಲಿ ಎರಡೇ ಎರಡು ರಮ್ ಕುಡಿದು, ಶೇಂಗಾದ ತಟ್ಟೆಯನ್ನು ಕೊನೆಯ ಕಾಳಿನವರೆಗೆ ತಿಂದು ಹೋಗುತ್ತಿದ್ದವನು. ಒಂದು ಶನಿವಾರ ಅವನು ಚೀಲದಿಂದ ಪೇಪರಿನಲ್ಲಿ ಸುತ್ತಿದ, ಅಳತೆಯ ಗೀಟುಗಳಿದ್ದ ಗಾಜಿನ ಕೊಳವೆಯೊಂದನ್ನು ತೆಗೆದು, ಪೆಗ್ಗನ್ನು ಅದಕ್ಕೆ ಸುರಿದು, ಕೌಂಟರಿನ ಗಲ್ಲೆಯ ಹತ್ತಿರ ತಂದು ಹಿಡಿದ. ನೋಡು ಶೇಠ್, ಐವತ್ತು. ಜಗಳದ ದನಿಯೂ ಅಲ್ಲ, ಹುಡುಗರಿಗೆ ಪಾಠ ತೋರಿಸುವ ದನಿ. ಕಮಲಾಕ್ಷ ಕೊಳವೆಯನ್ನು ನೋಡಲಿಲ್ಲ. ಅವನಿಗೆ ಕಂಡದ್ದು ಎಂಟು ಮೇಜುಗಳಿಂದ ತಿರುಗಿದ ಮುಖಗಳು. "ಮೇರೆ ಹಾಥ್ ಪೆ ಶಕ್ ಕರ್ತಾ ಹೈ?" ನನ್ನ ಕೈಯನ್ನು ಅನುಮಾನಿಸುತ್ತೀಯಾ ಎಂದು ಹೇಳುತ್ತಲೇ ಗಲ್ಲೆಯಿಂದ ಹೊರಗೆ ಬಂದುಬಿಟ್ಟಿದ್ದ. ಕೈ ಸರಿ ಇದೆ ಶೇಠ್, ಪಾತ್ರೆಯಲ್ಲಿ ದೋಷ, ಬೆರಳಿಟ್ಟು ತೋರಿಸುತ್ತೇನೆ ಎಂದ ಪೇಂಡ್ಸೆ. ಅಷ್ಟರಲ್ಲಿ ಕಮಲಾಕ್ಷ ಅವನ ಕಾಲರು ಹಿಡಿದಾಗಿತ್ತು. ಎಷ್ಟು ಹಗುರ ಇದ್ದ ಮನುಷ್ಯ. ಬಾಗಿಲ ಮೆಟ್ಟಿಲಿನಲ್ಲಿ ಅವನ ಒಂದು ಚಪ್ಪಲಿ ಕಳಚಿತು, ಕೊಳವೆ ಕಲ್ಲಿಗೆ ತಾಗಿ ಒಡೆಯಿತು. ಅವನು ಚಪ್ಪಲಿ ಹಾಕಿಕೊಳ್ಳುವ ಮೊದಲು ಗಾಜಿನ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಪೇಪರಿನಲ್ಲಿ ಕಟ್ಟಿಕೊಂಡ, ಕಾಲೇಜಿನ ವಸ್ತು ಇರಬೇಕು. ಅವನಿನ್ನು ಬರಲಿಲ್ಲ. ಅಂದು ಪುಂಡರೀಕಾಕ್ಷ ಬಂದು ಬೆನ್ನು ತಟ್ಟಿ, ನೀವು ಗಲ್ಲೆಯಲ್ಲಿರುವಷ್ಟು ದಿನ ನನಗೆ ಚಿಂತೆ ಇಲ್ಲ ಭಾವ ಎಂದದ್ದು, ಆ ಮಾತಿನ ಸುಖದಲ್ಲಿ ಒಂದು ವಾರ ಲೋಕಲ್‌ನಲ್ಲಿ ನೇತಾಡಿಕೊಂಡು ಬಂದರೂ ಕೈ ನೋಯದಿದ್ದದ್ದು, ಈಗ ಈ ಅಡುಗೆಮನೆಯಲ್ಲಿ ನಿಂತವನಿಗೆ ನೆನಪಾಯಿತು.

ಅಬಕಾರಿ ಇನ್‌ಸ್ಪೆಕ್ಟರು ಬರುವ ದಿನ ಬೆಳಿಗ್ಗೆಯೇ ಪುಂಡರೀಕಾಕ್ಷ ಈ ಮೆಜರನ್ನು ಪಾಲಿಶಿಗೆಂದು ಒಯ್ದು ಬೇರೊಂದನ್ನು ಇಡುತ್ತಿದ್ದ. ಆ ಬೇರೆಯದರಲ್ಲಿ ಸುರಿಯುವಾಗ ಮಣಿಕಟ್ಟು ಯಾಕೋ ಬೇಗ ದಣಿಯುತ್ತಿತ್ತು. ಹೊಸ ಪಾತ್ರೆ, ಕೈಗೆ ಕೂತಿಲ್ಲ ಎಂದುಕೊಂಡಿದ್ದ. ಹೀಗೆ ಎಷ್ಟೆಲ್ಲ ಅಂದುಕೊಂಡಿದ್ದ. ತಲೆಯೆಂಬುದು ಇಷ್ಟು ಒಳ್ಳೆಯ ಚಾಕರಿ ಮಾಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಪಪ್ಪಾ" ಎಂದಳು ಅನುಷ್ಕಾ. "ನಿಮಗೆ ಗೊತ್ತಿತ್ತಾ?"

"ಇಲ್ಲ." ದನಿ ಸಣ್ಣದಾಗಿ ಬಂತು. ಮತ್ತೆ ಹೇಳಿದ. "ದೇವರಾಣೆ ಗೊತ್ತಿರ್ಲಿಲ್ಲ ಮಗಾ."

ಅವಳು ತಲೆಯಾಡಿಸಿದಳು. ಆ ತಲೆಯಾಡಿಸುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಜೇಬಿನಲ್ಲಿ ಇನ್ನೂರು ಇತ್ತು, ಎಲ್ಲೋ ಬಿದ್ದುಹೋಯ್ತು ಎನ್ನುವ ಗಿರಾಕಿಗೆ ತಾನು ಎಷ್ಟೋ ಸಲ ಹೀಗೇ ತಲೆಯಾಡಿಸಿದ್ದ. "ಟೆನ್ಶನ್ ಮತ್ ಲೋ" ಎಂದಳು. "ಎಲ್ಲ ಬಾರಿನಲ್ಲೂ ಇದೇ ಅಂತೆ. ಮಾವ ಹೇಳಿದ್ದಕ್ಕೆ ನೀವಾದ್ರೂ ಎಂತ ಮಾಡ್ಲಿಕ್ಕಾಗ್ತಿತ್ತು? ನಾನು ತರುಣನಿಗೆ ಹೇಳುದಿಲ್ಲ. ಜೇನು ಕಮ್ಮಿ ಮಾಡಿದ್ರೆ ಈ ಅಳತೆಗೂ ಸರಿಯಾಗ್ತದೆ." ಹೇಳಿ, ಜೇನುನೀರಿನ ಲೋಟದ ಕಡೆಗೆ ತಿರುಗಿದಳು. ಕ್ಷಮಿಸಿಬಿಟ್ಟಿದ್ದಳು. ಬೈದಿದ್ದರೆ, ಇಷ್ಟು ವರ್ಷ ನನ್ನಿಂದ ಸುಳ್ಳು ಹೇಳಿಸಿದಿರಿ ಎಂದು ಮೆಜರನ್ನು ಎಸೆದಿದ್ದರೆ, ಅವನು ಏನಾದರೂ ಹೇಳಬಹುದಿತ್ತು. ಕ್ಷಮಿಸಿದವಳ ಹತ್ತಿರ ಸಾಕ್ಷಿ ತಂದು ನಿಲ್ಲಿಸುವುದು ಹೇಗೆ? ನಾನು ಕಳ್ಳನಲ್ಲ ಎನ್ನುವುದಕ್ಕೆ ಅವನಲ್ಲಿದ್ದ ಒಂದೇ ಪುರಾವೆ ಅವನ ಕೈ, ಮತ್ತು ಆ ಕೈಯಲ್ಲೇ ಕಳ್ಳತನ ಆಗಿತ್ತು. ಇನ್ನು ಒಂದು ಗಂಟೆಯಲ್ಲಿ ಹುಡುಗ ಬರುತ್ತಾನೆ, ಅಂಕಲ್ ಎನ್ನುತ್ತಾನೆ, ಅನುಷ್ಕಾ ಒಂದು ಮಾತೂ ಆಡದೆ ಜಾಣತನದಿಂದ ವಿಷಯ ಬದಲಿಸುತ್ತಾಳೆ. ಮುಂದೆ ಅವಳ ಮಕ್ಕಳ ಹತ್ತಿರ ಅಜ್ಜನ ಬಗ್ಗೆ ಮಾತಾಡುವಾಗಲೂ ಹಾಗೇ ಬದಲಿಸುತ್ತಾಳೆ.

"ನಂಬು ಮಾರಾಯ್ತಿ" ಎಂದ. ಮಗಳ ಹತ್ತಿರ ಬೇಡುವ ದನಿಯಲ್ಲಿ ಮಾತಾಡಿದ್ದು ಅವನಿಗೇ ಕೇಳಿಸಿ ಮುಖ ಬಿಸಿಯಾಯಿತು.

"ನಂಬಿದೆ, ಪಪ್ಪಾ."

ಆಗ ಜಲಜಾಕ್ಷಿ ಚೂರಿ ಕೆಳಗಿಟ್ಟಳು. ಅವಳು ಇಷ್ಟು ಹೊತ್ತು ಬೆನ್ನು ಹಾಕಿಯೇ ನಿಂತಿದ್ದಳೆಂಬುದು, ಮಗಳು ಐವತ್ತು ಎಂದಾಗಲೂ ತಿರುಗಿರಲಿಲ್ಲವೆಂಬುದು, ಕಮಲಾಕ್ಷನಿಗೆ ಈಗ ಹೊಳೆಯಿತು. "ಅವರು ಸುಳ್ಳು ಹೇಳ್ತಾ ಇಲ್ಲ" ಎಂದಳು, ಗೋಡೆಗೆ ಹೇಳುವ ಹಾಗೆ. "ಅವರಿಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು."

ಅನುಷ್ಕಾಳ ಕೈಯ ಚಮಚ ನಿಂತಿತು. ಪತ್ರೊಡೆಯ ಪಾತ್ರೆಯ ಮುಚ್ಚಳ ಹಬೆಗೆ ಸಣ್ಣಗೆ ಕುಣಿಯುತ್ತಿತ್ತು. ಜಲಜಾಕ್ಷಿ ಗ್ಯಾಸು ಸಣ್ಣ ಮಾಡಿ, ಸೆರಗಿನಲ್ಲಿ ಕೈಯೊರೆಸಿಕೊಂಡು ತಿರುಗಿದಳು. ಕಮಲಾಕ್ಷ ಬಾರಿಗೆ ಸೇರಿದ ವರ್ಷವೇ ಅಣ್ಣ ಹೇಳಿದ್ದನಂತೆ, ಊರಿನಲ್ಲಿ, ತಂಗಿಯೊಬ್ಬಳನ್ನೇ ಬಾವಿಕಟ್ಟೆಯ ಹತ್ತಿರ ಕರೆದು. ಇಂಥಿಂಥದು ಹೀಗೆ ಉಂಟು, ಭಾವನಿಗೆ ಹೇಳಬೇಡ. ಗಿರಾಕಿಗಳು ಭಾವನ ಮುಖ ನೋಡಿ ಕುಡಿಯುತ್ತಾರೆ. ಗೊತ್ತಾದರೆ ಆ ಮುಖ ಒಂದೇ ದಿನದಲ್ಲಿ ಹೇಳಿಬಿಡುತ್ತದೆ. ಗೊತ್ತಿರುವವನನ್ನು ಇಡುವುದಾದರೆ ನನಗೆ ಬೇಕಾದಷ್ಟು ಜನ ಇದ್ದರು.

"ನೀನು ಒಂದು ಮಾತು ಹೇಳಬಹುದಿತ್ತು" ಎಂದ ಕಮಲಾಕ್ಷ.

"ಹೇಳಿದ್ರೆ ನೀವು ಮಾರನೇ ದಿನ ಕೆಲಸ ಬಿಡ್ತಿದ್ರಿ. ಇವಳು ನನ್ನ ಹೊಟ್ಟೆಯಲ್ಲಿದ್ದಳು." ಅವಳು ಹೆಚ್ಚಿದ ಸೌತೆಕಾಯಿಯನ್ನು ತಟ್ಟೆಗೆ ಬಳಿದಳು. "ಆಮೇಲೆ ಹೇಳ್ಬೇಕು ಅಂತ ಎಷ್ಟು ಸಲ ಬಾಯಿ ತೆರೆದೆ. ನೀವು ರಾತ್ರಿ ಬಂದು ತಲೆ ಇಟ್ಟ ಕೂಡ್ಲೆ ನಿದ್ದೆ ಮಾಡುವವರು. ಅದನ್ನು ನೋಡಿ, ಇದೊಂದು ಇವರಿಗೆ ಇರ್ಲಿ ಅಂತ ಸುಮ್ಮನಾದೆ. ಶಾಲೆಯಲ್ಲಿ ಆ ಟೀಚರು ಪ್ರಬಂಧ ಓದಿ ಹೇಳಿದಾಗ ನನಗೆ ಬಾರಿನ ನಾಚಿಕೆ ಆದದ್ದಲ್ಲ. ಒಂದು ತೊಟ್ಟು ಕಮ್ಮಿ ಹಾಕಿದವರಲ್ಲ ಅಂತ ಮಗು ಬರೆದಿತ್ತಲ್ಲ, ಅದಕ್ಕೆ."

ಕಮಲಾಕ್ಷ ಮಗಳನ್ನು ನೋಡಿದ. ನೋಡಬಾರದಿತ್ತು. ಅವಳ ಮುಖದಿಂದ ಆ ಜಾಣ ಕ್ಷಮೆ ಹೋಗಿತ್ತು, ಅದರ ಜಾಗದಲ್ಲಿ ಕನಿಕರ ಬಂದು ಕೂತಿತ್ತು. ಈಗ ನಂಬಿದ್ದಳು. ಪೂರ್ತಿಯಾಗಿ ನಂಬಿದ್ದಳು. ಇವರಿಗೆ ಏನೂ ಗೊತ್ತಿರಲಿಲ್ಲ ಪಾಪ ಎಂದು ಆ ಕಣ್ಣುಗಳು ಹೇಳುತ್ತಿದ್ದವು. ಇವರನ್ನು ಎತ್ತಿನ ಹಾಗೆ ಕಟ್ಟಿ ದುಡಿಸಿದರು, ಇವರ ಹೆಂಡತಿಗೂ ಗೊತ್ತಿತ್ತು, ಇವರೊಬ್ಬರಿಗೆ ಗೊತ್ತಿರಲಿಲ್ಲ. ಮೂರು ನಿಮಿಷದ ಹಿಂದೆ ಬೇಡಿಕೊಂಡದ್ದು ಇದನ್ನೇ. ಸಿಕ್ಕಿತ್ತು. ಸಿಕ್ಕ ಮೇಲೆ ಅವನು ಕಟ್ಟೆಯ ಅಂಚು ಹಿಡಿದುಕೊಂಡ. ಎದುರಿಗೆ ಬಾಟಲಿ ಇತ್ತು. ಅದರ ಹೊಟ್ಟೆಯ ಮೇಲಿನ ಚೀಟಿಯಲ್ಲಿ ಏಳುನೂರೈವತ್ತು ಎಂದು ಅಚ್ಚಾಗಿತ್ತು. ಆ ಅಂಕೆಯನ್ನು ಅವನು ದಿನಕ್ಕೆ ನೂರು ಸಲ ನೋಡಿದವನು. ಅರವತ್ತು ಎಂಬ ಅಂಕೆಯನ್ನು ದಿನಕ್ಕೆ ನೂರು ಸಲ ಬಾಯಿಯಿಂದ ಆಡಿದವನು. ಮತ್ತು ಒಂದು ಬಾಟಲಿಗೆ ಹದಿನೈದು ದೊಡ್ಡ ಪೆಗ್ಗು ಎಂಬುದನ್ನು, ಮೊದಲ ದಿನ ಪುಂಡರೀಕಾಕ್ಷ ಹೇಳಿಕೊಟ್ಟಂದಿನಿಂದ, ಖಾಲಿ ಬಾಟಲಿ ಎತ್ತಿಡುವಾಗಲೆಲ್ಲ ಎಣಿಸಿದವನು. ಮೂರೂ ಅಂಕೆಗಳು ಒಂದೇ ತಲೆಯಲ್ಲಿ ಇಪ್ಪತ್ತಾರು ವರ್ಷ ಒಂದರ ಪಕ್ಕ ಒಂದು ಕೂತಿದ್ದವು. ನಾಲ್ಕನೇ ಕ್ಲಾಸಿನ ಹುಡುಗ ಮಾಡುವ ಭಾಗಾಕಾರ. ಊರಿನ ಶಾಲೆಯಲ್ಲಿ ಲೆಕ್ಕದಲ್ಲಿ ಅವನೇ ಮೊದಲಿಗನಾಗಿದ್ದ. ಯಾವತ್ತೂ ಭಾಗಿಸಲಿಲ್ಲ. ಯಾಕೆ ಭಾಗಿಸಲಿಲ್ಲ? ಪೇಂಡ್ಸೆ ಕೊಳವೆ ಹಿಡಿದಾಗ ಅದನ್ನು ನೋಡದೆ ಯಾಕೆ ಕಾಲರಿಗೆ ಕೈ ಹಾಕಿದೆ? ಗೊತ್ತಿಲ್ಲದವನು ಒಮ್ಮೆ ನೋಡುತ್ತಿದ್ದನಲ್ಲ.

"ನನಗೆ ಗೊತ್ತಿತ್ತು" ಎಂದ.

ಇಬ್ಬರೂ ಅವನನ್ನು ನೋಡಿದರು. "ಏಳುನೂರೈವತ್ತರ ಬಾಟ್ಲಿ. ಅರವತ್ತರ ಲೆಕ್ಕದಲ್ಲಿ ಹನ್ನೆರಡೂವರೆ ಬರಬೇಕು. ಹದಿನೈದು ಬರ್ತಿತ್ತು. ದಿನಾ ನಾನೇ ಎಣಿಸ್ತಿದ್ದೆ. ಗೊತ್ತಿಲ್ಲದೆ ಇರ್ತದಾ?"

ಹೇಳಿದ್ದು ನಿಜವೋ, ಮಗಳ ಕಣ್ಣಿನ ಆ ಕನಿಕರ ತಾಳಲಾರದೆ ಹುಟ್ಟಿದ್ದೋ ಅವನಿಗೇ ಸ್ಪಷ್ಟವಿರಲಿಲ್ಲ. ಅನುಷ್ಕಾ ಒಂದು ಹೆಜ್ಜೆ ಹಿಂದೆ ಸರಿದು ಫ್ರಿಜ್ಜಿಗೆ ಒರಗಿದಳು. ಅವಳ ಮುಖದಲ್ಲೀಗ ಕನಿಕರ ಇರಲಿಲ್ಲ, ಅಷ್ಟಾಯಿತು ಎಂದುಕೊಂಡ. ಜಲಜಾಕ್ಷಿ ಮಾತ್ರ ಅಲ್ಲಾಡಲಿಲ್ಲ. ಅವಳ ತುಟಿ ಏನನ್ನೋ ಎಣಿಸುವ ಹಾಗೆ ಸದ್ದಿಲ್ಲದೆ ಆಡುತ್ತಿತ್ತು. ವರ್ಷಗಳನ್ನೋ, ಬಾಯಿ ತೆರೆದು ಮುಚ್ಚಿಕೊಂಡ ರಾತ್ರಿಗಳನ್ನೋ. ಆಮೇಲೆ ಬಹಳ ಮೆಲ್ಲಗೆ, ಅಕ್ಕಪಕ್ಕದಲ್ಲಿ ಯಾರೋ ಮಲಗಿರುವ ಹಾಗೆ, ಕೇಳಿದಳು.

"ಹಾಗಾದ್ರೆ ನಾನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡದ್ದು ಯಾರಿಗೋಸ್ಕರ, ಕಮಲಾಕ್ಷ?"

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವಳು ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.